ಅನ್ನದ ಜೊತೆ ಮಾತೂ ಬೇಕು

ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ಕಟ್ಟಲು 2007ರ ಕೇಂದ್ರ ಕಾನೂನಿನಲ್ಲಿ ಅವಕಾಶವಿದೆ. ಅನ್ನ, ಹಾಸಿಗೆ ಸಿಗಬಹುದು. ಆದರೆ ಮಾತಾಡೋದು ಯಾರ ಜೊತೆ?

ನಮ್ಮ ಕಂಬೈನಲ್ಲೂರಿನ ಕಡೆ ಮನೇಲಿ ಕನ್ನಡವೋ ತೆಲುಗೋ, ಕಚೇರೀಲಿ ತಮಿಳು ಆಡಿ ಬದುಕಿದ ಹಿರಿಯರಿದ್ದಾರೆ. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾದದ್ದನ್ನು ಕಂಡವರು. ಕಪಿಲೆ ಹೊಡೆದವರು, ರಾಗಿ ಬೀಸಿದವರು. ಇಬ್ಬರು ಒಟ್ಟಿಗೆ ಕೂತರೆ ಒಬ್ಬರು ಮರೆತ ಪದವನ್ನು ಇನ್ನೊಬ್ಬರು ಎತ್ತಿಕೊಡ್ತಾರೆ. ಎರಡೂ ಭಾಷೆಯಲ್ಲಿ ಪದ ಕಟ್ಟುವ ನಾನು ಕಲಿತದ್ದು ಇಂಥವರಿಂದಲೇ.

ಆಶ್ರಮ ನಡೆಸುವವರು ಒಂದೇ ಮಾತಿನವರನ್ನು ಅಕ್ಕಪಕ್ಕ ಇರಿಸಲಿ. ಸಂತೆಗೆ ಹೋಗುವ ರೈತರು, ವ್ಯಾಪಾರಿಗಳು ಅರ್ಧ ಗಂಟೆ ಅವರ ಹತ್ತಿರ ಕೂತು ಬರಲಿ. ಅವರ ಬಾಯಲ್ಲಿರುವುದು ಯಾವ ಕಚೇರಿಯ ಕಡತದಲ್ಲೂ ಸಿಗದು.