ಇಂಗ್ಲಿಷು ಕಲಿಸುವ ಯೋಗ್ಯತಾಪತ್ರ

ವೈಟ್‌ಫೀಲ್ಡಿನ ಸೋದರಿಯೊಬ್ಬರು ನಮಗೆ ಬರೆದ ಕಾಗದವೇ ಈ ತಿಂಗಳ ಮಾತಿಗೆ ಕಾರಣ. ಆಕೆ ಬಿ.ಎ. ತೇರ್ಗಡೆಯಾದವರು, ಮಗನು ಶಾಲೆಗೆ ಹೋಗತೊಡಗಿದ ಮೇಲೆ ಹಗಲು ಬಿಡುವಿದೆ. ಅನ್ಯಭಾಷಿಕರಿಗೆ ಇಂಗ್ಲಿಷು ಕಲಿಸುವ ಸರ್ಟಿಫಿಕೇಟನ್ನು ಪಡೆಯಬೇಕೆಂಬುದು ಅವರ ಆಸೆ. ಅದಕ್ಕೆ ಒಡವೆಗೆಂದು ಕೂಡಿಟ್ಟ ಹಣವನ್ನು ತೆಗೆಯಬೇಕು. ಯಜಮಾನರು ಬೇಡವೆಂದಿಲ್ಲ. ಅತ್ತೆಯವರು ಮಾತ್ರ, “ಅದು ನಮ್ಮ ಮಾತಲ್ಲವಲ್ಲಮ್ಮ, ನಿನ್ನ ಹತ್ತಿರ ಯಾರು ಕಲಿತಾರು?” ಎಂದರಂತೆ. ಸೋದರಿಯ ಮನಸ್ಸನ್ನು ಚುಚ್ಚಿರುವುದು ಖರ್ಚಿನ ಚಿಂತೆಗಿಂತ ಹೆಚ್ಚಾಗಿ ಈ ಪ್ರಶ್ನೆಯೇ ಎಂದು ನಮಗೆ ತೋರುತ್ತದೆ.

ವಿಚಿತ್ರವೆಂದರೆ ಆ ಊರು ಇಂಗ್ಲಿಷೇ ಮನೆಮಾತಾಗಿದ್ದವರಿಗಾಗಿ ಹುಟ್ಟಿದ್ದು. 1882ರಲ್ಲಿ ಚಾಮರಾಜೇಂದ್ರ ಒಡೆಯರವರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯೊಂದು ಏರ್ಪಟ್ಟಿತು. ಅವರ ಮುಖಂಡರಾಗಿದ್ದ ಡಿ. ಎಸ್. ವೈಟರ ಹೆಸರೇ ಊರಿಗೆ ನಿಂತಿತು. ಆದರೆ ತಾಯಿಯ ಹಾಲಿನೊಡನೆ ಬಂದ ಮಾತನ್ನು ಇತರರಿಗೆ ಕಲಿಸುವುದು ಸುಲಭವೆಂದು ವಾಚಕರು ತಿಳಿಯಬಾರದು. ಕನ್ನಡದಲ್ಲಿ ‘ಮನೆಗೆ’ ಎನ್ನುವ ನಾವು ‘ಊರಿಗೆ’ ಎಂದೇಕೆ ಅನ್ನುತ್ತೇವೆ, ‘ಮರಕ್ಕೆ’ ಎಂದೇಕೆ ಅನ್ನುತ್ತೇವೆ ಎಂದು ಹೊರನಾಡಿನವರು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಥಟ್ಟನೆ ಉತ್ತರ ಹೇಳಿಯೇವು?

ಕೆಲಕಾಲದ ಹಿಂದೆ ಪೀಣ್ಯದ ಕಡೆ ಸಂಜೆಯ ತರಗತಿಯೊಂದರಲ್ಲಿ ನಾವು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಉಡುಪಿನ ಕಾರ್ಖಾನೆಯ ಕೆಲಸ ಮುಗಿಸಿ ಬಂದ ಹೆಂಗಸರು ಕಲಿಯುವವರು. ಕಲಿಸುತ್ತಿದ್ದಾಕೆ ಇನ್ನೂ ತರಬೇತಿಯಲ್ಲಿದ್ದ ಕನ್ನಡತಿ. ಒಬ್ಬಾಕೆ ಎದ್ದು, “ಐ ಆಮ್ ಹಿಯರ್ ಫ್ರಮ್ ಟೂ ಇಯರ್ಸ್” ಎಂದಳು. ಶಿಕ್ಷಕಿಯು ತಪ್ಪೆನ್ನಲಿಲ್ಲ. ಹಲಗೆಯ ಮೇಲೆ ಒಂದು ಗೆರೆಯೆಳೆದು, ಬಂದ ವರ್ಷಕ್ಕೊಂದು ಚುಕ್ಕೆ, ಇಂದಿಗೊಂದು ಚುಕ್ಕೆ ಇಟ್ಟು, “ಯಾವಾಗ ಬಂದಿರಿ? ಈಗಲೂ ಇಲ್ಲಿಯೇ ಇದ್ದೀರಾ?” ಎಂದು ಸರಳ ಇಂಗ್ಲಿಷಿನಲ್ಲಿಯೇ ಕೇಳಿದಳು. ‘ಎರಡು ವರ್ಷದಿಂದ ಇದ್ದೇನೆ’ ಎಂಬ ಕನ್ನಡವೇ ಆ ವಾಕ್ಯದೊಳಗೆ ಅಡಗಿದೆಯೆಂದು ಆಕೆ ಬಲ್ಲಳು. ತಾನೂ ಒಮ್ಮೆ ಹಾಗೆಯೇ ಹೇಳಿದ್ದವಳು. ಎರಡು ಚುಕ್ಕೆಗಳ ನಡುವೆ ಬೆರಳನ್ನು ಎಳೆದು ತೋರಿಸಿ ‘ಹ್ಯಾವ್ ಬೀನ್’, ‘ಫಾರ್’ ಎಂಬ ಮಾತುಗಳನ್ನು ಕೊಟ್ಟೊಡನೆ ನಾಲ್ಕಾರು ಹೆಂಗಸರು ತಂತಮ್ಮ ವರ್ಷಗಳನ್ನು ಹೇಳತೊಡಗಿದರು. ಅತ್ತೆಯವರ ಪ್ರಶ್ನೆಗೆ ನಮ್ಮ ಉತ್ತರ ಇದೇ. ಪಾಠವಾದ ಮೇಲೆ ಪರೀಕ್ಷಕರು ಆ ಶಿಕ್ಷಕಿಯನ್ನು ಕೂರಿಸಿಕೊಂಡು, ನೀವೇ ಬಹಳ ಮಾತನಾಡಿದಿರಿ, ಅವರಿಗೆ ಬಿಟ್ಟದ್ದು ಸಾಲದು ಎಂದರು. ಆಕೆಯ ಮುಖ ಬಾಡಿತು. ಆದರೂ ಕೊಟ್ಟ ಹಣಕ್ಕೆ ನಿಜವಾಗಿ ದೊರೆಯತಕ್ಕದ್ದು ಈ ಮಾತೇ.

ಆದುದರಿಂದ ಹಣ ಕಟ್ಟುವ ಮೊದಲು ಸೋದರಿಯು ಒಂದನ್ನು ವಿಚಾರಿಸಲಿ: ನಿಜವಾದ ವಿದ್ಯಾರ್ಥಿಗಳ ಮುಂದೆ ನನ್ನನ್ನು ಎಷ್ಟು ಹೊತ್ತು ನಿಲ್ಲಿಸುತ್ತೀರಿ, ನೋಡಿ ತಿದ್ದುವವರು ಯಾರು? 1962ರಲ್ಲಿ ಜಾನ್ ಹೇಕ್ರಾಫ್ಟ್ ಎಂಬವರು ಲಂಡನ್ನಿನಲ್ಲಿ ಆರಂಭಿಸಿದ ಕಿರು ತರಬೇತಿಯಿಂದ ಬೆಳೆದು ಬಂದ ಕೇಂಬ್ರಿಜಿನ ‘ಸೆಲ್ಟಾ’ ಪರೀಕ್ಷೆಯಲ್ಲಿ ಕಡಿಮೆಯೆಂದರೆ 120 ಗಂಟೆಗಳ ವ್ಯಾಸಂಗ, 4 ಲಿಖಿತ ಪ್ರಬಂಧಗಳು, ಪರೀಕ್ಷಕರೆದುರು 6 ಗಂಟೆಗಳ ಬೋಧನೆ ಇವೆ. ಇಡೀ ದಿನ ಓದಿದರೆ ನಾಲ್ಕೈದು ವಾರ. ಆ ವಾರಗಳಲ್ಲಿ ಮನೆಯ ಅಡಿಗೆಯನ್ನು ಬೇರೆಯವರು ನೋಡಿಕೊಳ್ಳಬೇಕಾದೀತು. ಅನೇಕ ಕಡೆ ಶಿಕ್ಷಣಾರ್ಥಿಗಳಿಗೆ ಎಂದೂ ಕೇಳದ ಭಾಷೆಯೊಂದರಲ್ಲಿ ಪಾಠ ಮಾಡಿ, ಅರ್ಥವಾಗದವನ ಸಂಕಟವೇನೆಂಬುದನ್ನು ಅನುಭವಕ್ಕೆ ತರುತ್ತಾರೆ. ಇದು ಬಲು ಒಳ್ಳೆಯ ಪದ್ಧತಿ. ಇಂಟರ್‌ನೆಟ್ಟಿನಲ್ಲಿ ಅಗ್ಗಕ್ಕೆ ಮಾರುವ ಕೆಲವು ಪತ್ರಗಳ ಮೇಲೂ ಅದೇ 120 ಗಂಟೆಗಳೆಂದು ಅಚ್ಚಾಗಿರುತ್ತದೆ. ಅವುಗಳಲ್ಲಿ ಒಂದು ಗಂಟೆಯೂ ವಿದ್ಯಾರ್ಥಿಯ ಮುಖ ಕಾಣದಿರಬಹುದು. ಈಜುವುದನ್ನು ಚಾಪೆಯ ಮೇಲೆ ಕಲಿತಂತಾಯಿತು.

ನಮ್ಮ ಜ್ಞಾನಭಾರತಿಯಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದ್ದು, ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡುತ್ತ ಬಂದಿದೆ. 2007–08ರಲ್ಲಿ ಸರಕಾರಿ ಕನ್ನಡ ಶಾಲೆಗಳ ಒಂದನೆಯ ತರಗತಿಗೇ ಇಂಗ್ಲಿಷು ಬಂದ ಮೇಲೆ ಇಂಥ ತರಬೇತಿಯ ಅಗತ್ಯವು ಹಳ್ಳಿಹಳ್ಳಿಗೂ ಮುಟ್ಟಿತು. ಆದರೆ ಸರಕಾರಿ ಶಾಲೆಯ ಕೆಲಸಕ್ಕೆ ಡಿ.ಎಲ್.ಎಡ್. ಅಥವಾ ಬಿ.ಎಡ್., ಜೊತೆಗೆ ಅರ್ಹತಾ ಪರೀಕ್ಷೆ ಬೇಕು. ಸೋದರಿಯು ಬಯಸಿದ ಸರ್ಟಿಫಿಕೇಟು ಅವಕ್ಕೆ ಬದಲಾಗದು. ಹೊರದೇಶದ ಆಸೆಯಿದ್ದರೆ, ಕೊರಿಯಾದಂಥ ದೇಶಗಳು ಇಂಗ್ಲಿಷು ಶಿಕ್ಷಕರಿಗೆ ವೀಸಾ ಕೊಡುವಾಗ ಪೌರತ್ವವನ್ನೂ ನೋಡುತ್ತವೆಂಬುದನ್ನು ಮೊದಲೇ ತಿಳಿದಿರಬೇಕು. ಇದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ.

ಕಾಗದದ ಅಂಚಿನಲ್ಲಿ ಸೋದರಿಯು ಇನ್ನೊಂದು ಮಾತನ್ನು ಸಣ್ಣಕ್ಷರದಲ್ಲಿ ಬರೆದಿದ್ದಾರೆ. ಅತ್ತೆಯವರ ಮಗಳು ಅಮೆರಿಕದಲ್ಲಿದ್ದಾಳೆ. ಮೊಮ್ಮಗುವಿಗೆ ಕನ್ನಡ ಬಾರದು. ಭಾನುವಾರದ ಫೋನಿನಲ್ಲಿ ಅಜ್ಜಿ ನಕ್ಕು ನಕ್ಕು ಸುಮ್ಮನಾಗುತ್ತಾರಂತೆ. ಒಡವೆಯ ಹಣ ಒಂದು ತಿಂಗಳು ಪೆಟ್ಟಿಗೆಯಲ್ಲಿಯೇ ಇರಲಿ. ಮಧ್ಯಾಹ್ನ ಅರ್ಧ ಗಂಟೆ ಅತ್ತೆಯವರೊಡನೆ ಕುಳಿತು, ಭಾನುವಾರಕ್ಕೆ ಬೇಕಾದ ನಾಲ್ಕು ಮಾತುಗಳಿಂದ ತೊಡಗಲಿ. ಅವರು ಎಲ್ಲಿ ತಡವರಿಸಿದರು, ತಾವು ಎಲ್ಲಿ ಅವಸರಪಟ್ಟರು ಎಂಬುದನ್ನು ದಿನವೂ ಬರೆದಿಟ್ಟುಕೊಳ್ಳಲಿ. ಆ ಪುಸ್ತಕದ ಒಂದೆರಡು ಪುಟಗಳನ್ನು ನಮಗೂ ಕಳುಹಿಸಿದರೆ ಮುಂದಿನ ಸಂಚಿಕೆಗೆ ಸ್ಥಳ ಮಾಡಿಕೊಟ್ಟೇವು.