ಒಬ್ಬ ಮಾರ್ಟಿನನಿಗೆ ಬಿರುದು, ಇನ್ನೊಬ್ಬನಿಗೆ ಚಿತ್ರಹಿಂಸೆ

ವಂಶದಿಂದ ಬಂದ ಬಿರುದಿಗೆ ತಲೆಬಾಗುವವರಿಗೆ ನಾವು ಇಬ್ಬರು ಮಾರ್ಟಿನ್ ಕೊರ್ಟೆಸರನ್ನು ನೆನಪಿಸುತ್ತೇವೆ.

ಮೆಕ್ಸಿಕೋವನ್ನು ಗೆದ್ದ ಹೆರ್ನಾನ್ ಕೊರ್ಟೆಸನಿಗೆ ಸ್ಪೇನಿನ ದೊರೆ 1529ರಲ್ಲಿ ವಾಹಾಕಾ ಕಣಿವೆಯ ಮಾರ್ಕ್ವಿಸ್ ಎಂಬ ಬಿರುದು ಕೊಟ್ಟ. ಜೊತೆಗೆ, ದುಡಿದು ಕಪ್ಪ ಸಲ್ಲಿಸಬೇಕಾದ 23,000 ಜನರನ್ನೂ ಕೊಟ್ಟ. ಉಡುಗೊರೆ ಕೊಡಲು ಮನುಷ್ಯರೇನು ದನಗಳೇ?

ಕೊರ್ಟೆಸನ ಹಿರಿಯ ಮಗ ಮಾರ್ಟಿನ್, ಅವನ ದುಭಾಷಿಯಾಗಿದ್ದ ಸ್ಥಳೀಯ ದಾಸಿ ಮಲಿಂಟ್ಸಿನಳ ಮಗ. ಪೋಪರೇ ಅವನನ್ನು ಸಕ್ರಮ ಸಂತಾನವೆಂದು ಮಾನ್ಯ ಮಾಡಿದ್ದರು. ಆದರೂ 1547ರಲ್ಲಿ ತಂದೆ ತೀರಿಕೊಂಡಾಗ ಬಿರುದು ಹೋದದ್ದು ಸ್ಪೇನಿನ ಕುಲೀನ ಪತ್ನಿಯ ಮಗನಿಗೆ. ಅವನ ಹೆಸರೂ ಮಾರ್ಟಿನ್!

ಸ್ಥಳೀಯರ ದುಡಿಮೆಯ ಮೇಲಿನ ಹಕ್ಕು ತಮ್ಮ ಮಕ್ಕಳಿಗೆ ತಪ್ಪೀತೆಂದು ಹೆದರಿದ ವಸಾಹತಿನ ಸಿರಿವಂತರು, ಈ ಕಿರಿಯನನ್ನೇ ರಾಜನನ್ನಾಗಿಸಲು ಸಂಚು ಹೂಡಿದರೆಂದು 1566ರಲ್ಲಿ ಆರೋಪ ಬಂತು. ಅಣ್ಣತಮ್ಮಂದಿರಿಬ್ಬರೂ ಸೆರೆಯಾದರು. ಮಾರ್ಕ್ವಿಸನನ್ನು ಸ್ಪೇನಿಗೆ ಕಳುಹಿಸಲಾಯಿತು; 1574ರಲ್ಲಿ ಕ್ಷಮೆಯೂ ಸಿಕ್ಕಿತು. ದಾಸಿಯ ಮಗನನ್ನು ಮಾತ್ರ 1568ರಲ್ಲಿ ಮೆಕ್ಸಿಕೋದಲ್ಲೇ ಚಿತ್ರಹಿಂಸೆಗೆ ಗುರಿಪಡಿಸಿದರು. ಅವನು ಬಾಯಿ ಬಿಡಲಿಲ್ಲ.

ಹಾಗಾದರೆ ಕುಲೀನ ಯಾರು? 1917ರ ಮೆಕ್ಸಿಕೋ ಸಂವಿಧಾನ ವಂಶಪಾರಂಪರ್ಯ ಬಿರುದುಗಳಿಗೆ ಬಾಗಿಲು ಮುಚ್ಚಿದೆ. ಇನ್ನೂ ಮಾರ್ಕ್ವಿಸರ ವಂಶಾವಳಿ ಬರೆಯುವವರು, ಆ 23,000 ಜನರ ಮಕ್ಕಳಿಗೆ ಆಸ್ತಿಯಾಗಿ ಬಂದದ್ದೇನು ಎಂಬುದನ್ನೂ ಬರೆಯಲಿ.