ವಯಸ್ಸಿಗೆ ಸಾಕ್ಷಿ ಯಾರು?

ನಮ್ಮ ಊರುಗಳ ಹಿರಿಯರನ್ನು ಹುಟ್ಟಿದ ತಾರೀಖು ಕೇಳಿ ನೋಡಿದವರಿಗೆ ಒಂದು ವಿಚಿತ್ರ ಗೋಚರವಾಗಿರಬೇಕು. ಅವರಲ್ಲಿ ಬಹುಮಂದಿ ಜೂನ್ ೧ರಂದು ಹುಟ್ಟಿದವರು. ಇದರಲ್ಲಿ ಗ್ರಹಗತಿಯ ಮಹಿಮೆಯೇನೂ ಇಲ್ಲ. ಶಾಲೆ ತೆರೆಯುವ ಕಾಲಕ್ಕೆ ವಯಸ್ಸು ಸರಿಹೊಂದುವಂತೆ ಮೇಷ್ಟರು ದಾಖಲೆಯಲ್ಲಿ ಬರೆದುಕೊಂಡ ತಾರೀಖು ಅದು. ಹುಡುಗನು ಬಲಗೈಯನ್ನು ನೆತ್ತಿಯ ಮೇಲಿನಿಂದ ಬಳಸಿ ಎಡಗಿವಿಯನ್ನು ಮುಟ್ಟಿದನೆಂದರೆ ಒಂದನೆಯ ತರಗತಿಗೆ ಅರ್ಹ. ಮುಟ್ಟಲಿಲ್ಲವೆಂದರೆ ಮುಂದಿನ ವರ್ಷ ಬರಲಿ. ಈ ಪರೀಕ್ಷೆ ಶಾಸ್ತ್ರಶುದ್ಧವೆಂದು ಯಾರೂ ವಾದಿಸಲಾರರು. ಕೈ ಉದ್ದವಿದ್ದವನಿಗೆ ಒಂದು ವರ್ಷ ಲಾಭ, ಅಷ್ಟೆ. ಆದರೆ ಮೇಷ್ಟರಿಗೂ ಮಗುವಿಗೂ ನಡುವೆ ಮೂರನೆಯವರೊಬ್ಬರು ಕುಳಿತು, "ನನ್ನ ಅಪ್ಪಣೆಯಿಲ್ಲದೆ ಕಿವಿ ಮುಟ್ಟಕೂಡದು" ಎನ್ನುವ ಪರಿಸ್ಥಿತಿ ಆಗ ಇರಲಿಲ್ಲ.

ಈಗ ಅಂಥ ಮೂರನೆಯವರು ಬಂದಿದ್ದಾರೆ. ಅವರ ವಿಷಯವನ್ನೇ ಇಲ್ಲಿ ನಾಲ್ಕು ಮಾತಿನಲ್ಲಿ ವಿಚಾರ ಮಾಡಬೇಕೆಂದಿದ್ದೇನೆ.

ಅಂತರಜಾಲದ ಬಾಗಿಲಲ್ಲಿ ನಿಂತು "ನಿನಗೆಷ್ಟು ವಯಸ್ಸು?" ಎಂದು ಕೇಳುವ ಪದ್ಧತಿ ಈಚೆಗೆ ದೇಶದೇಶಗಳಲ್ಲಿ ಹಬ್ಬುತ್ತಿದೆ. ಬ್ರಿಟನ್ನಿನಲ್ಲಿ ೨೦೨೫ರ ಜುಲೈ ೨೫ರಿಂದ ಅಶ್ಲೀಲ ತಾಣಗಳು ಬಂದವರ ವಯಸ್ಸನ್ನು ತಪಾಸಣೆ ಮಾಡಲೇಬೇಕಾಯಿತು. ಆಸ್ಟ್ರೇಲಿಯಾ ಅದೇ ವರ್ಷದ ಡಿಸೆಂಬರ್ ೧೦ರಿಂದ ಹದಿನಾರು ತುಂಬದವರಿಗೆ ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಕೊಡಕೂಡದೆಂದು ವಿಧಿಸಿತು. ಯೂರೋಪಿನ ಒಕ್ಕೂಟವಂತೂ ೨೦೨೫ರ ಜುಲೈಯಲ್ಲಿ ವಯಸ್ಸನ್ನು ರುಜುವಾತುಪಡಿಸುವ ಒಂದು ಮಾದರಿ ಆ್ಯಪನ್ನೇ ಪ್ರಕಟಿಸಿತು. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ಪೀಠವೊಂದು ೨೦೨೩ರ ಸೆಪ್ಟೆಂಬರಿನಲ್ಲಿ, ಹಿಂದೆ ಟ್ವಿಟರ್ ಎಂಬ ಹೆಸರಿದ್ದ ಕಂಪೆನಿಯ ಮೇಲ್ಮನವಿಯನ್ನು ಕೇಳುತ್ತಿದ್ದಾಗ, ಸಾಮಾಜಿಕ ಜಾಲತಾಣಕ್ಕೆ ಇಪ್ಪತ್ತೊಂದರ ವಯೋಮಿತಿ ಇಟ್ಟರೂ ಒಳ್ಳೆಯದೇ ಎಂಬರ್ಥದ ಮಾತನ್ನು ಮೌಖಿಕವಾಗಿ ಆಡಿತ್ತು. ಆ ಮಾತು ಕೇಳಿ ಕಾಲೇಜು ತರುಣರು ನಕ್ಕರು, ತಂದೆತಾಯಿಗಳು ನಗಲಿಲ್ಲ.

ಮಕ್ಕಳಿಗೆ ಕಡಿವಾಣ ಬೇಕೇ, ಬೇಡವೇ ಎಂಬುದು ಈ ಲೇಖನದ ವಿಷಯವಲ್ಲ. ಬೇಕೆಂದೇ ಒಪ್ಪಿಕೊಳ್ಳೋಣ. ಕಡಿವಾಣದ ಇನ್ನೊಂದು ತುದಿ ಯಾರ ಕೈಯಲ್ಲಿರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ದೇಶದ ಕಾನೂನನ್ನು ಮೊದಲು ನೋಡೋಣ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳು. ಎಂದರೆ ಪ್ರಥಮ ಬಿ.ಎ. ತರಗತಿಯಲ್ಲಿ ಕುಳಿತು ಪಂಪನನ್ನೂ ಪ್ಲೇಟೋವನ್ನೂ ಓದುತ್ತಿರುವ ಹದಿನೇಳರ ವಿದ್ಯಾರ್ಥಿನಿಯೂ ಮಗುವೇ. ಇವಳ ವಿವರಗಳನ್ನು ಯಾವುದೇ ಕಂಪೆನಿ ಬಳಸಿಕೊಳ್ಳಬೇಕಾದರೆ ತಾಯಿಯ ಅಥವಾ ತಂದೆಯ ಒಪ್ಪಿಗೆ ಬೇಕು. ಆ ಒಪ್ಪಿಗೆ ಪರಿಶೀಲಿಸಬಹುದಾದಂತಿರಬೇಕು. ಎಂದರೆ ಮಗಳ ಕೆಲಸಕ್ಕಾಗಿ ಮೊದಲು ತಾಯಿಯೇ ತಾನು ವಯಸ್ಕಳೆಂದು ಸಾಕ್ಷಿ ಒದಗಿಸಬೇಕು! ೨೦೨೫ರ ನವೆಂಬರಿನಲ್ಲಿ ಹೊರಟ ನಿಯಮಗಳು ಇದಕ್ಕೆ ದಾರಿಗಳನ್ನು ತೋರಿಸಿವೆ. ಕಂಪೆನಿಯ ಬಳಿ ತಾಯಿಯ ಗುರುತು ಮತ್ತು ವಯಸ್ಸಿನ ನಂಬಲರ್ಹ ವಿವರ ಮೊದಲೇ ಇದ್ದರೆ ಅದೇ ಸಾಕು. ಇಲ್ಲವಾದರೆ ಆಕೆ ಈಗ ಒದಗಿಸಬೇಕು, ಅಥವಾ ಡಿಜಿಲಾಕರಿನಂಥ ವ್ಯವಸ್ಥೆಯಿಂದ ಒಂದು ಟೋಕನ್ ತರಿಸಿಕೊಡಬೇಕು.

ಈ ಮೊದಲನೆಯ ದಾರಿಯನ್ನು ಓದುಗರು ಸ್ವಲ್ಪ ನಿಂತು ನೋಡಬೇಕು. ತಾಯಿಯ ವಿವರ ಮೊದಲೇ ಇರುವುದು ಯಾರ ಬಳಿ? ಬಹುಮಟ್ಟಿಗೆ ದೊಡ್ಡ ಕಂಪೆನಿಗಳ ಬಳಿ. ನಮ್ಮ ಹೆಬ್ಬಾಳದಲ್ಲೋ ಆರ್.ಟಿ. ನಗರದಲ್ಲೋ ನಾಲ್ಕು ಜನ ತರುಣರು ಸೇರಿ ಮಕ್ಕಳಿಗಾಗಿ ಕನ್ನಡ ಕಲಿಸುವ ಒಂದು ಆ್ಯಪನ್ನು ಕಟ್ಟಿದರೆಂದುಕೊಳ್ಳಿ. ಅವರು ಪ್ರತಿಯೊಬ್ಬ ತಾಯಿಯನ್ನೂ ಹೊಸದಾಗಿ ಕೇಳಬೇಕು, ಕಾಯಬೇಕು, ಆಕೆ ಬೇಸತ್ತು ಹೊರಟುಹೋದರೆ ಸುಮ್ಮನಾಗಬೇಕು. ದೊಡ್ಡವರು ಕೇಳಬೇಕಾದ್ದೇ ಇಲ್ಲ. ದೊಡ್ಡವರನ್ನು ನಿಯಂತ್ರಿಸಲು ಹೊರಟ ನಿಯಮ ಅವರ ಗೋಡೆಗೆ ಇನ್ನೊಂದು ವರಸೆ ಕಲ್ಲು ಕಟ್ಟಿಕೊಟ್ಟಂತಾಯಿತು. ನಿಯಮ ಬರೆದವರ ಉದ್ದೇಶ ಇದೆಂದು ನಾನು ಹೇಳುತ್ತಿಲ್ಲ. ಫಲ ಮಾತ್ರ ಹೀಗೆ.

ಇನ್ನು ಎರಡನೆಯ ಸಂಗತಿ. ಇದು ನಮ್ಮ ಉತ್ತರ ಬೆಂಗಳೂರಿಗೆ ತೀರ ಹತ್ತಿರದ್ದು. ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೊರಟರೆ ನಡುವೆ ಕೊಡಿಗೇಹಳ್ಳಿ ಸಿಕ್ಕುತ್ತದೆ. ಅಲ್ಲಿಯ ಟಾಟಾ ನಗರದ ಎನ್.ಟಿ.ಐ. ಬಡಾವಣೆಯಲ್ಲಿ ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರವಿದೆ. ೨೦೦೯ರಲ್ಲಿ ಹುಟ್ಟಿದ ಈ ಪ್ರಾಧಿಕಾರಕ್ಕೆ ಮೊದಲ ಅಧ್ಯಕ್ಷರಾದವರೂ ನಮ್ಮ ಬೆಂಗಳೂರಿನ ನಂದನ್ ನಿಲೇಕಣಿಯವರೇ. ೧೩೦ ಕೋಟಿಗೂ ಮಿಕ್ಕು ಆಧಾರ್ ಸಂಖ್ಯೆಗಳನ್ನು ಹಂಚಿದ ಸಂಸ್ಥೆ ಇದು. ದೇಶದ ಜನರ ಹೆಸರು, ಹುಟ್ಟಿದ ದಿನ, ಬೆರಳಚ್ಚುಗಳ ಯಂತ್ರಕಾರ್ಯದ ಒಂದು ಮುಖ್ಯ ನೆಲೆ ನಮ್ಮ ಬಸ್ಸುಗಳು ಓಡಾಡುವ ದಾರಿಯ ಮಗ್ಗುಲಲ್ಲೇ ಇದೆ ಎಂದರೆ ಅಭಿಮಾನಪಡಬೇಕಾದ್ದೇ ಸರಿ.

ಈ ಪ್ರಾಧಿಕಾರ ೨೦೨೫ರ ನವೆಂಬರಿನಲ್ಲಿ ಹೊಸ ಆಧಾರ್ ಆ್ಯಪನ್ನು ಸಾರ್ವಜನಿಕರಿಗೆ ಒದಗಿಸಿತು. ಅದರ ಒಂದು ಗುಣವನ್ನು ಮನಸಾರೆ ಹೊಗಳಬೇಕು. ಎದುರಿನವನಿಗೆ ಎಷ್ಟು ಬೇಕೋ ಅಷ್ಟೇ ವಿವರವನ್ನು ತೋರಿಸಿ, ಉಳಿದದ್ದನ್ನು ಮರೆಮಾಡಬಹುದು. ಹದಿನೆಂಟು ತುಂಬಿದೆಯೆಂದು ತಿಳಿಸಲು ಮನೆಯ ವಿಳಾಸವನ್ನು ಹೇಳಬೇಕಾಗಿಲ್ಲ. ಬಹಳ ಒಳ್ಳೆಯ ಆಲೋಚನೆ. ಆದರೆ ಈ ಆ್ಯಪ್ ಎಲ್ಲಿ ದೊರೆಯುತ್ತದೆ? ಗೂಗಲ್‌ನ ಅಂಗಡಿಯಲ್ಲಿ ಮತ್ತು ಆ್ಯಪಲ್‌ನ ಅಂಗಡಿಯಲ್ಲಿ. ಯಾವ ಯಂತ್ರದ ಮೇಲೆ ಓಡುತ್ತದೆ? ಈ ಇಬ್ಬರ ವ್ಯವಸ್ಥೆಯಿರುವ ಫೋನಿನ ಮೇಲೆ. ನಮ್ಮ ದೇಶದ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವು ಗೂಗಲ್‌ನ ಆಂಡ್ರಾಯ್ಡಿನವು. ಭಂಡಾರ ಕೊಡಿಗೇಹಳ್ಳಿಯಲ್ಲಿದೆ, ಬೀಗದ ಕೈ ಕ್ಯಾಲಿಫೋರ್ನಿಯಾದಲ್ಲಿದೆ! ಯೂರೋಪಿನ ಆ ಮಾದರಿ ಆ್ಯಪಿನ ಬಗ್ಗೆಯೂ ಅಲ್ಲಿಯ ತಂತ್ರಜ್ಞರು ಎತ್ತಿದ ಆಕ್ಷೇಪ ಇಂಥದೇ: ಫೋನು ಅಸಲಿಯೋ ನಕಲಿಯೋ ಎಂದು ಗೂಗಲ್‌ನಿಂದ ಪ್ರಮಾಣ ಪಡೆಯುವ ಯೋಜನೆ ಅದರಲ್ಲಿತ್ತು. ಪ್ರಜೆಯ ವಯಸ್ಸಿಗೆ ಸರ್ಕಾರ ಸಾಕ್ಷಿ. ಸರ್ಕಾರದ ಸಾಕ್ಷಿಗೆ ಕಂಪೆನಿ ಸಾಕ್ಷಿ.

"ಅಂಗಡಿ ಯಾರದಾದರೇನು, ಸಾಮಾನು ಸಿಕ್ಕಿದರಾಯಿತು" ಎಂದು ಕೆಲವರು ಹೇಳಬಹುದು. ಸಿಕ್ಕುವವರೆಗೆ ಸರಿ. ೨೦೨೪ರ ಮಾರ್ಚ್ ಮೊದಲ ವಾರದಲ್ಲಿ ಶುಲ್ಕದ ಜಗಳದ ಕಾರಣ ಗೂಗಲ್ ತನ್ನ ಅಂಗಡಿಯಿಂದ ನಮ್ಮ ದೇಶದ ಕೆಲವು ಹೆಸರಾದ ಕಂಪೆನಿಗಳ ಆ್ಯಪ್‌ಗಳನ್ನು ತೆಗೆದುಹಾಕಿತು. ಕೆಲಸ ಹುಡುಕಿಕೊಡುವವರು, ವಧೂವರರನ್ನು ಹುಡುಕಿಕೊಡುವವರು ಎಲ್ಲರೂ ಒಂದೇ ದಿನ ಬೀದಿಪಾಲಾದರು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ಇದೇ ಕಂಪೆನಿಗೆ ನಮ್ಮ ಸ್ಪರ್ಧಾ ಆಯೋಗ ೨೦೨೨ರ ಅಕ್ಟೋಬರಿನಲ್ಲಿ, ಆಂಡ್ರಾಯ್ಡ್ ವ್ಯವಹಾರದಲ್ಲಿ ತನ್ನ ಪ್ರಾಬಲ್ಯವನ್ನು ದುರುಪಯೋಗ ಮಾಡಿಕೊಂಡಿತೆಂದು ೧,೩೩೭.೭೬ ಕೋಟಿ ರೂಪಾಯಿ ದಂಡ ಹಾಕಿತ್ತು. ಒಂದು ಕೈಯಿಂದ ದಂಡ ಹಾಕುವ ಸರ್ಕಾರ ಇನ್ನೊಂದು ಕೈಯಿಂದ ತನ್ನ ಪ್ರಜೆಗಳ ಗುರುತನ್ನು ಅದೇ ಅಂಗಡಿಯ ಕಪಾಟಿನಲ್ಲಿಡುವುದು ಸೋಜಿಗವಲ್ಲವೇ?

ಇದಕ್ಕಿಂತ ಗಂಭೀರವಾದದ್ದು ಗುಜರಾತಿನ ವಾಡಿನಾರ್ ತೈಲ ಶುದ್ಧೀಕರಣ ಕಾರ್ಖಾನೆಯ ಒಡೆತನದ ನಯಾರಾ ಕಂಪೆನಿಯ ಪ್ರಕರಣ. ಅದರಲ್ಲಿ ರಷ್ಯದ ಪಾಲಿದೆಯೆಂದು ೨೦೨೫ರ ಜುಲೈಯಲ್ಲಿ ಯೂರೋಪಿನವರು ನಿರ್ಬಂಧ ಹೇರಿದರು. ನಿರ್ಬಂಧ ಹೇರಿದ್ದು ಯೂರೋಪು. ಭಾರತದ ಯಾವ ಕಾನೂನನ್ನೂ ಆ ಕಂಪೆನಿ ಮುರಿದಿರಲಿಲ್ಲ. ಆದರೂ ಅಮೆರಿಕದ ಮೈಕ್ರೋಸಾಫ್ಟ್ ಅದರ ಅಂಚೆ ಮೊದಲಾದ ಸೇವೆಗಳನ್ನು ನಿಲ್ಲಿಸಿಬಿಟ್ಟಿತು. ಕಂಪೆನಿ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಸೇವೆ ಮರಳಿತು. ಅಷ್ಟು ದೊಡ್ಡ ಕಾರ್ಖಾನೆಯವರಿಗೆ ವಕೀಲರುಂಟು, ದೆಹಲಿಯುಂಟು. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುವ ತಾಯಿಯ ಖಾತೆಯನ್ನು ಯಾವುದೋ ಯಂತ್ರ ಸಂಶಯದ ಮೇಲೆ ಮುಚ್ಚಿದರೆ ಆಕೆ ಯಾವ ಮೆಟ್ಟಿಲು ಹತ್ತಬೇಕು?

ಹಾಗಾದರೆ ಎಲ್ಲವನ್ನೂ ನಾವೇ ತಯಾರಿಸಬೇಕೇ? ಅಷ್ಟು ಸರಳವಾಗಿ ಹೇಳಲಾರೆ. ನಮ್ಮ ಜಾಲಹಳ್ಳಿಯಲ್ಲೇ ಎರಡು ಬಗೆಯ ಉದಾಹರಣೆಗಳಿವೆ. ಎಚ್.ಎಂ.ಟಿ.ಯವರು ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೈಗಡಿಯಾರ ಮಾಡತೊಡಗಿ, ದೇಶಕ್ಕೆಲ್ಲ ವೇಳೆ ತೋರಿಸಿದರು. ಆ ಗಡಿಯಾರ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟ ೨೦೧೬ರಲ್ಲಿ ಒಪ್ಪಿಗೆ ಕೊಟ್ಟಿತು. ಸ್ವದೇಶಿ ಎಂದ ಮಾತ್ರಕ್ಕೆ ಬಾಳುತ್ತದೆಂಬ ಭರವಸೆಯಿಲ್ಲ. ಅಲ್ಲಿಯೇ ೧೯೫೪ರಲ್ಲಿ ಆರಂಭವಾದ ಬಿ.ಇ.ಎಲ್. ಮಾತ್ರ ಇಂದಿಗೂ ಮತಯಂತ್ರಗಳನ್ನು ತಯಾರಿಸುತ್ತಿದೆ.

ಈ ಮತಯಂತ್ರದ ಮಾತು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಹದಿನೆಂಟು ತುಂಬಿದೆಯೇ ಎಂದು ಗಣರಾಜ್ಯ ತನ್ನ ಪ್ರಜೆಯನ್ನು ಕೇಳುವ ಅತ್ಯಂತ ದೊಡ್ಡ ಸಂದರ್ಭ ಚುನಾವಣೆ. ೧೯೮೯ರಲ್ಲಿ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕಿಳಿಯಿತು. ಆ ದಿನ ನಡೆಯುವುದೇನು? ಶಾಲೆಯ ಕೊಠಡಿಯಲ್ಲಿ ಮುದ್ರಿತ ಪಟ್ಟಿ ಹಿಡಿದ ಒಬ್ಬ ಅಧಿಕಾರಿ. ಹೆಸರು ಕೂಗಿದರೆ ಬೇಕಾದರೆ ಆಕ್ಷೇಪಿಸಲು ಪಕ್ಷಗಳ ಏಜೆಂಟರು. ಬೆರಳಿಗೆ ೧೯೬೨ರಿಂದ ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ ತಯಾರಾಗುತ್ತಿರುವ ಶಾಯಿ. ಒತ್ತಲು ಜಾಲಹಳ್ಳಿಯ ಅಥವಾ ಹೈದರಾಬಾದಿನ ಯಂತ್ರ. ಮತಯಂತ್ರದ ಒಳಗಿನ ಚಿಪ್ಪು ಹೊರದೇಶದ್ದಲ್ಲವೇ ಎಂದು ಕೇಳುವವರುಂಟು. ಇರಬಹುದು. ಆದರೆ ಅದನ್ನು ಮಾರಿದವನು ಮತದಾನದ ಬೆಳಿಗ್ಗೆ ಕೋಪಗೊಂಡು ಅದನ್ನು ನಿಲ್ಲಿಸಲಾರ. ಕೊಂಡ ಮನೆಗೂ ಬಾಡಿಗೆ ಮನೆಗೂ ಇರುವ ಅಂತರ ಬಾಡಿಗೆ ಮನೆಗಳಿಂದಲೇ ತುಂಬಿರುವ ನಮ್ಮ ಬಡಾವಣೆಗಳವರಿಗೆ ವಿವರಿಸಬೇಕಾಗಿಲ್ಲ.

ನಮ್ಮ ಬಸ್ಸುಗಳನ್ನೇ ನೋಡಿ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯ ಪ್ರಕಾರ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ. ಅರವತ್ತು ದಾಟಿದ ಹಿರಿಯರಿಗೆ ಕೆ.ಎಸ್.ಆರ್.ಟಿ.ಸಿ. ದರದಲ್ಲಿ ರಿಯಾಯಿತಿಯುಂಟು. ಕಂಡಕ್ಟರು ಕಾರ್ಡನ್ನು ನೋಡುತ್ತಾನೆ, ಮುಖವನ್ನು ನೋಡುತ್ತಾನೆ, ಚೀಟಿ ಹರಿದುಕೊಡುತ್ತಾನೆ. ಮುಂದಿನ ನಿಲ್ದಾಣದ ಹೊತ್ತಿಗೆ ಆ ಹೆಸರು ಅವನ ತಲೆಯಲ್ಲಿರುವುದಿಲ್ಲ. ವಯಸ್ಸು ವಿಚಾರಿಸುವವರು ಹೀಗೆ ಮರೆತುಬಿಡಬೇಕು. ಯಂತ್ರಕ್ಕೆ ಮರೆಯುವ ಅಭ್ಯಾಸವಿಲ್ಲ. ಅದಕ್ಕೆ ಮರೆವನ್ನು ಕಾನೂನಿನಿಂದಲೇ ಕಲಿಸಬೇಕು.

ಈ ಹೋರಾಟದಲ್ಲಿ ಕನ್ನಡಿಗರೊಬ್ಬರ ಹೆಸರು ಎಂದಿಗೂ ನಿಲ್ಲತಕ್ಕದ್ದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ಎಂಬತ್ತಾರರ ಇಳಿವಯಸ್ಸಿನಲ್ಲಿ, ಆಧಾರನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಮರುವರ್ಷದ ತೀರ್ಪು ಆಧಾರನ್ನು ಉಳಿಸಿತಾದರೂ, ಖಾಸಗಿ ಕಂಪೆನಿಗಳು ಅದನ್ನು ಕೇಳುವುದಕ್ಕಿದ್ದ ಅವಕಾಶವನ್ನು ಹೊಡೆದುಹಾಕಿತು. ೨೦೧೯ರ ತಿದ್ದುಪಡಿಯಿಂದ ಆ ಬಾಗಿಲು ಮತ್ತೆ ಸ್ವಲ್ಪ ತೆರೆದುಕೊಂಡಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಒಂದು ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ, ವಯಸ್ಸನ್ನು ನಿರ್ಧರಿಸಲು ಆಧಾರಿಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವೇ ಹೆಚ್ಚು ನಂಬತಕ್ಕದ್ದೆಂದು ಹೇಳಿದ್ದನ್ನೂ ಗಮನಿಸಬೇಕು. ಎಷ್ಟೋ ಜನರ ಪಾಲಿಗೆ ಅದರ ಅರ್ಥ, ಮತ್ತೆ ಮೇಷ್ಟರ ಜೂನ್ ೧ಕ್ಕೇ ಶರಣು!

ದೂರುವುದು ಸುಲಭ, ದಾರಿ ತೋರಿಸು ಎಂದರೆ ದಾರಿ ನಮ್ಮ ಜೇಬಿನಲ್ಲೇ ಇದೆ. ಆಧಾರ್ ಕಾಗದದ ಮೇಲೆ ಚುಕ್ಕೆಚುಕ್ಕೆಯ ಚೌಕವೊಂದು ಅಚ್ಚಾಗಿರುತ್ತದೆ. ಅದರಲ್ಲಿ ಪ್ರಾಧಿಕಾರದ ಡಿಜಿಟಲ್ ಸಹಿ ಅಡಗಿದೆ. ನಕಲಿಯೋ ಅಸಲಿಯೋ ಎಂಬುದನ್ನು ಆ ಸಹಿಯಿಂದಲೇ, ಕಾರ್ಡುದಾರನ ಬಳಿ ಫೋನು ಇಲ್ಲದೆಯೇ ಪರೀಕ್ಷಿಸಬಹುದು. ಅದರ ಕೊರತೆಯೆಂದರೆ ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲವನ್ನೂ ಒಟ್ಟಿಗೆ ಹೇಳಿಬಿಡುತ್ತದೆ. ಆ್ಯಪಿನಷ್ಟು ಸಂಯಮ ಅದಕ್ಕಿಲ್ಲ. ಹಾಗಾದರೆ "ಈ ವ್ಯಕ್ತಿಗೆ ಹದಿನೆಂಟು ತುಂಬಿದೆ" ಎಂಬ ಒಂದೇ ಮಾತನ್ನು ಸಹಿ ಮಾಡಿ ಅಚ್ಚು ಹಾಕಿಕೊಡುವುದಕ್ಕೆ ಏನು ಅಡ್ಡಿ? ಬೆಂಗಳೂರು ಒನ್ ಕೇಂದ್ರದಲ್ಲಿ, ಹಳ್ಳಿಯಾದರೆ ಗ್ರಾಮ ಒನ್ ಕೇಂದ್ರದಲ್ಲಿ, ವಿದ್ಯುತ್ ಬಿಲ್ಲು ಕಟ್ಟುವ ಕಿಟಕಿಯ ಪಕ್ಕದಲ್ಲೇ ಅದನ್ನು ಕೊಡಬಹುದು. ಕಾಗದವನ್ನು ಇನ್ನೊಬ್ಬರು ಎತ್ತಿಕೊಂಡು ಬಳಸಬಹುದೆಂಬ ಆಕ್ಷೇಪಕ್ಕೆ ಆಧಾರವಿದೆ. ಆದರೆ ತಂದೆಯ ಫೋನನ್ನು ಮಗ ಎತ್ತಿಕೊಳ್ಳುವುದು ಅದಕ್ಕಿಂತ ಕಷ್ಟವೇನಲ್ಲವೆಂಬುದು ಈ ಸಂಚಿಕೆಯ ಓದುಗರಿಗೆ ಚೆನ್ನಾಗಿ ಗೊತ್ತು.

ಆ್ಯಪನ್ನು ಬೇಡವೆನ್ನುವುದಿಲ್ಲ, ಬೇಕಾದವರು ಬಳಸಲಿ. ಅದರ ಒಳರಚನೆಯನ್ನು ಸಾರ್ವಜನಿಕ ಪರೀಕ್ಷೆಗೆ ತೆರೆದಿಟ್ಟು, ಪ್ರಾಧಿಕಾರದ ಸ್ವಂತ ತಾಣದಿಂದಲೂ ನೇರವಾಗಿ ಒದಗಿಸಲಿ. ಹೊಸ ನಿಯಮಗಳು ಪೂರ್ಣವಾಗಿ ಜಾರಿಗೆ ಬರಲು ಇಟ್ಟಿರುವ ಹದಿನೆಂಟು ತಿಂಗಳ ಅವಧಿ ೨೦೨೭ರ ಮೇ ತಿಂಗಳಿಗೆ ತುಂಬುತ್ತದೆ. ಅಷ್ಟರೊಳಗೆ, ಸ್ಮಾರ್ಟ್‌ಫೋನಿಲ್ಲದ ತಾಯಿ ಮಗಳಿಗಾಗಿ ಒಪ್ಪಿಗೆ ಕೊಡಲು ಯಾವ ಕಿಟಕಿಗೆ ಹೋಗಬೇಕು, ಅಲ್ಲಿ ಆಕೆಯಿಂದ ಪಡೆದ ವಿವರವನ್ನು ಎಷ್ಟು ದಿನದೊಳಗೆ ಅಳಿಸಿಹಾಕಬೇಕು ಎಂಬ ಎರಡು ಸಾಲನ್ನು ಸರ್ಕಾರ ಬರೆದು ಪ್ರಕಟಿಸಲಿ. ಕೊಡಿಗೇಹಳ್ಳಿಯ ಕಚೇರಿಗೆ ಅಂಚೆಯಲ್ಲಿ ಮನವಿ ಕಳಿಸಲು ಯಾವ ಆ್ಯಪೂ ಬೇಕಾಗಿಲ್ಲ. ನಮ್ಮ ವಿದ್ಯಾರ್ಥಿ ಸಂಘ ಈ ವರ್ಷವೇ ಒಂದನ್ನು ಬರೆಯಬಹುದು.